ಎಂಟನೇ ಕ್ಲಿಪ್ಪು

ಮೂರನೇ ಗೇಟಿನ ಹತ್ತಿರ ಚಿತ್ರ ಹರಿಯುತ್ತಿತ್ತು. ಆ ಹರಕಿನ ಹಿಂದೆ ಒಬ್ಬ ಮುದುಕ ಬಿದ್ದಿದ್ದ, ನೀರಿನ ಕೊಡ ಕೈಗೆಟಕುವಷ್ಟು ದೂರದಲ್ಲಿ, ಏಳಲಾರದೆ. ಮೇಲೆ ಕುಳಿತು ಹಾರಿಸುತ್ತಿದ್ದ ಯಾರಿಗೂ ಇದು ಗೊತ್ತಿರಲಿಲ್ಲ. ಕೇಳುವ ನಿಮಗೆ ಮೊದಲೇ ಹೇಳಿಬಿಡುತ್ತೇನೆ. ದೇವರು ಮೊದಲೇ ನೋಡಿರುತ್ತಾನೆ, ಮನುಷ್ಯರು ಆಮೇಲೆ ನೋಡುತ್ತಾರೆ. ನಡುವಿನ ಆ ಮೂರು ದಿನದ ಕಥೆ ಇದು.

ಇಳಕಲ್ಲಿನ ಮೂಡಣಕ್ಕೆ ಕರಡಿಗುಡ್ಡದ ಕಲ್ಲುಗಣಿ. ಕೆಂಪು ಗ್ರಾನೈಟ್ ತೆಗೆದು ತೆಗೆದು ಗುಡ್ಡ ಮುಗಿದಿತ್ತು. ಉಳಿದದ್ದು ಮೆಟ್ಟಿಲು ಮೆಟ್ಟಿಲಾಗಿ ನೆಲದೊಳಗೆ ಇಳಿದ ದೊಡ್ಡ ಬಾವಿಯಂಥ ಹೊಂಡ. ಗಣಿ ನಿಂತು ಒಂಬತ್ತು ವರ್ಷವಾದ ಮೇಲೆ ಅಲ್ಲಿ ಡ್ರೋನ್ ಓಟ ಶುರುವಾಯಿತು. ಅಂಗೈಯಗಲದ ಯಂತ್ರ, ಅದರ ಮೂತಿಗೆ ಒಂದು ಕ್ಯಾಮೆರಾ. ಹೊಂಡದೊಳಗೆ ಅಲ್ಲಲ್ಲಿ ನಿಲ್ಲಿಸಿದ ಚೌಕಟ್ಟುಗಳೇ ಗೇಟು, ಒಂದೊಂದರೊಳಗಿಂದಲೂ ನುಸುಳಿ ಹೋಗಬೇಕು. ಹಾರಿಸುವವರು ಗಣಿಯ ಅಂಚಿನ ತಗಡಿನ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣಿಗೆ ಗಾಗಲ್ ಕಟ್ಟಿಕೊಂಡು ಕೂರುತ್ತಾರೆ. ಡ್ರೋನ್ ಕಂಡದ್ದೇ ಅವರಿಗೂ ಕಾಣುತ್ತದೆ. ದೇಹ ಕುರ್ಚಿಯಲ್ಲಿ, ಕಣ್ಣು ಹೊಂಡದ ತಳದಲ್ಲಿ.

ಒಬ್ಬೊಬ್ಬರ ಚಿತ್ರವೂ ಒಂದೊಂದು ಚಾನೆಲ್ಲಿನಲ್ಲಿ ಗಾಳಿಯ ಮೂಲಕ ಬರುತ್ತದೆ. ಚಾನೆಲ್ಲು ಇರುವುದು ಎಂಟೇ. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಚಿತ್ರ ಕಳಿಸಿದರೆ ಒಬ್ಬನದು ಇನ್ನೊಬ್ಬನ ಕಣ್ಣಿಗೆ ನುಗ್ಗುತ್ತದೆ. ಹಾರುತ್ತಿದ್ದವನು ಕುರುಡನಾಗಿ ಕಲ್ಲಿಗೆ ಬಡಿಯುತ್ತಾನೆ. ಅದಕ್ಕಾಗಿ ಶೆಡ್ಡಿನ ಕಂಬಕ್ಕೆ ಒಂದು ಹಲಗೆ ತೂಗುಹಾಕಿತ್ತು. ಹಲಗೆಗೆ ಎಂಟು ಬಟ್ಟೆ ಕ್ಲಿಪ್ಪು, ಒಂದೊಂದರ ಮೇಲೆ ಒಂದೊಂದು ಅಂಕಿ. ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡವನು ಮಾತ್ರ ತನ್ನ ಯಂತ್ರಕ್ಕೆ ಬ್ಯಾಟರಿ ಹಚ್ಚಬೇಕು. ಇಳಿಸಿದ ಮೇಲೆ ಕ್ಲಿಪ್ಪು ಹಲಗೆಗೆ. ಅದು ಅಲ್ಲಿಯ ಮಡಿ. ಎಷ್ಟೇ ದೊಡ್ಡ ಆಟಗಾರನಾದರೂ ಮೀರುವಂತಿಲ್ಲ.

ಆ ಹಲಗೆ ಕಾಯುವವಳು ನೀಲಾಂಬಿಕಾ. ಐವತ್ತರ ಹತ್ತಿರದ ಹೆಂಗಸು. ಟಿವಿ ರಿಪೇರಿಯ ಅಪ್ಪನ ಪಕ್ಕದಲ್ಲಿ ಕುಳಿತು ಬೆಸುಗೆ ಹಾಕುವುದನ್ನು ಕಲಿತಿದ್ದಳು. ಅಪ್ಪ ಹೋದರು, ಅಂಗಡಿ ಹೋಯಿತು, ಕೈಗೆ ಹತ್ತಿದ ಕೆಲಸ ಉಳಿಯಿತು. ಮುರಿದ ಡ್ರೋನ್ ಸರಿಮಾಡುವುದು, ಚಿತ್ರ ಕೆಟ್ಟರೆ ಯಾಕೆ ಕೆಟ್ಟಿತೆಂದು ಹುಡುಕುವುದು ಅವಳ ಪಾಲಿಗೆ ಬಂತು. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲವೆಂದು ಕೇಳುತ್ತಿದ್ದವರೂ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು.

ಗಣಿಯ ತಳದಲ್ಲಿ ಇನ್ನೊಬ್ಬ ಒಂಟಿ ಜೀವಿ ಇದ್ದ. ಹುಲಿಗೆಪ್ಪ, ಗಣಿ ನಡೆಯುತ್ತಿದ್ದಾಗ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದವನು. ಕೆಲಸ ನಿಂತಾಗ ಎಲ್ಲರೂ ಹೋದರು, ಇವನು ಹೋಗಲಿಲ್ಲ. ಹೋಗಲು ಯಾವ ಊರೂ ಕರೆಯಲಿಲ್ಲ. ಕಂಪ್ರೆಸರ್ ಇದ್ದ ತಗಡಿನ ಕೋಣೆಯೇ ಮನೆ. ಮೂರನೇ ಗೇಟಿನ ಪಕ್ಕದ ಚೌಕ ಬಂಡೆಯ ಮೇಲೆ ಕೆಂಪು ರುಮಾಲು ಸುತ್ತಿಕೊಂಡು ಕೂರುವುದು, ಡ್ರೋನ್ ಹಾದುಹೋದಾಗೆಲ್ಲ ಕೈ ಎತ್ತುವುದು.

ಎರಡು ವರ್ಷದ ಹಿಂದೆ ರುದ್ರೇಶನೆಂಬ ಆಟಗಾರನ ಡ್ರೋನ್ ಕೆಳಗೆ ಬಿದ್ದು ಒಡೆದಿತ್ತು. "ಇಟ್ಕೊ ಯಜ್ಜಾ, ಆಡಾಕ ಆಕ್ಕೈತಿ," ಎಂದು ರುದ್ರೇಶ ಅದನ್ನು ಅಲ್ಲೇ ಬಿಟ್ಟಿದ್ದ. ಹುಲಿಗೆಪ್ಪ ವೈರುಗಳ ಜೊತೆ ಮುದುಕನಾದವನು. ಕ್ಯಾಮೆರಾವನ್ನೂ ಚಿತ್ರ ಕಳಿಸುವ ತುಣುಕನ್ನೂ ಬಿಡಿಸಿ, ಸೋಲಾರ್ ದೀಪದ ವೈರಿಗೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಹಚ್ಚಿದ. ಮೇಲೆ ಒಬ್ಬನ ಗಾಗಲ್ಲಿನಲ್ಲಿ ಗಣಿ ಮಾಯವಾಗಿ ಒಂದು ಗಡ್ಡದ ಮುಖ ಒಳಗೆ ಇಣುಕಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಎಲ್ಲರೂ ಕೆಳಗಿಳಿದು ಹೋದರು. ಅಜ್ಜ ಬೆಲ್ಲದ ಚಹಾ ಮಾಡಿದ. ಮರುವಾರ ಮತ್ತೆ ಹಚ್ಚಿದ. ಆಗ ನಾಲ್ವರು ಹೋದರು. ಮೂರನೇ ಸಲ ನೀಲಾಂಬಿಕಾ ಒಬ್ಬಳೇ ಹೋದಳು, ಸಿಟ್ಟಿನಿಂದ.

"ಯಜ್ಜಾ, ಕ್ಲಿಪ್ಪಿಲ್ದ ಹಚ್ಚಬಾರ್ದು. ಯಾರದರ ಯಂತ್ರ ಯಾರದರ ತಲಿಗೆ ಬಡೀತೈತಿ."

"ಹಂಗಾರ ನಂಗೂ ಒಂದು ಕ್ಲಿಪ್ ಕೊಡವ್ವಾ."

"ನಿಂಗ್ಯಾಕ? ನೀ ಏನ್ ಹಾರ್ತೀಯೇನ?"

ಅಜ್ಜ ನಕ್ಕ. ಚಹಾ ಒಲೆಯ ಮೇಲಿತ್ತು. ಅವಳು ಕುಡಿಯದೆ ಮೇಲೆ ಬಂದಳು. ಆಮೇಲೆ ಅವನು ಹಚ್ಚಲಿಲ್ಲ.

ಆ ವರ್ಷ ತೇಪೆ ಬಂತು. ಗಾಗಲ್ಲಿನ ಒಳಗೆ ಕೂರುವ ಬೆರಳುಗಾತ್ರದ ಪೆಟ್ಟಿಗೆ. ಅದರ ನಿಜವಾದ ಹೆಸರು ಉದ್ದವಾಗಿತ್ತು, ನೇಕಾರರ ಊರಿನವರು ತೇಪೆ ಎಂದು ಕರೆದರು. ಡ್ರೋನ್ ಬಂಡೆಯ ಮರೆಗೆ ಹೋದಾಗ ಅದರ ಅಲೆ ಬಡವಾಗಿ ಚಿತ್ರ ಹರಿಯುತ್ತದಲ್ಲ, ಆ ಹರಕಿಗೆ ಇದು ತೇಪೆ ಹಚ್ಚುತ್ತದೆ. ಹಿಂದಿನ ನೂರಾರು ಹಾರಾಟಗಳಲ್ಲಿ ಆ ಜಾಗ ಹೇಗೆ ಕಂಡಿತ್ತೆಂಬುದನ್ನು ನೆನಪಿಟ್ಟುಕೊಂಡು, ಅದೇ ಬಟ್ಟೆಯಿಂದ ಒಂದು ತುಂಡು ಕತ್ತರಿಸಿ, ಹೊಲಿಗೆ ಕಾಣದಂತೆ ಕೂರಿಸುತ್ತದೆ. ನಾಲ್ಕು ತಿಂಗಳಲ್ಲಿ ಎಲ್ಲರ ಗಾಗಲ್ಲಿಗೂ ಅದು ಬಂತು. ನೀಲಾಂಬಿಕಾಳದು ಮಾತ್ರ ಹಳೆಯದಾಗಿಯೇ ಉಳಿಯಿತು. ಕೆಟ್ಟದ್ದನ್ನು ಹುಡುಕುವವಳಿಗೆ ಕೆಟ್ಟದ್ದು ಕಾಣಬೇಕಲ್ಲ.

ಗುರುವಾರ. ಭಾನುವಾರದ ಓಟಕ್ಕೆ ತಾಲೀಮು ನಡೆದಿತ್ತು. ಎಂಟನೇ ಕ್ಲಿಪ್ಪು ದಾವಲನೆಂಬ ಆಟಗಾರನ ಅಂಗಿಯ ಮೇಲಿತ್ತು. ಅವನ ಚಾನೆಲ್ಲನ್ನೇ ತನ್ನ ಗಾಗಲ್ಲಿನಲ್ಲಿ ನೋಡುತ್ತಿದ್ದ ನೀಲಾಂಬಿಕಾ, ಅವನು ಇಳಿಸಿದ ಕೂಡಲೇ ಕೇಳಿದಳು.

"ದಾವಲಾ, ಮೂರನೇ ಗೇಟಿಗೆ ಏನಾತು?"

"ಏನಾಗೇತಿ? ಬೆಣ್ಣಿಯೊಳಗಿನ ಕೂದಲಾ ತಗದಂಗ ಹೋಗಿ ಬಂದೀನಿ."

"ಚಿತ್ರ ಹರೀತು."

"ನಂಗ ಹರೀಲಿಲ್ಲ."

ರುದ್ರೇಶ ಪಕ್ಕದ ಕುರ್ಚಿಯಿಂದ ಅಂದ: "ಯಕ್ಕಾ, ನಿನ್ನ ಗಾಗಲ್ ನಿಮ್ಮಪ್ಪನ ಕಾಲದ್ದು. ಅದರಾಗ ಹತ್ತು ವರ್ಷದ ಹಿಂದಿನ ವಾರ್ತೆ ಬರ್ತಿದ್ರೂ ಬರಬಹುದು."

ಅವಳು ನಗಲಿಲ್ಲ. ಮೂರನೇ ಗೇಟಿನಲ್ಲಿ ಎಲ್ಲರ ಚಿತ್ರವೂ ಸ್ವಲ್ಪ ಮಂಜಾಗುವುದು ವಾಡಿಕೆ. ಆದರೆ ಇದು ಮಂಜಲ್ಲ. ಕರಿಯ ಅಡ್ಡಪಟ್ಟಿಗಳು ಒಂದರ ಹಿಂದೊಂದು ಕೆಳಗಿನಿಂದ ಮೇಲಕ್ಕೆ ಉರುಳುತ್ತಿದ್ದವು. ಅಪ್ಪ ಹೇಳುತ್ತಿದ್ದರು: ಮಂಜು ಬಿದ್ದರೆ ಚಿತ್ರ ದೂರ ಇದೆ ಎಂದರ್ಥ, ಪಟ್ಟಿ ಉರುಳಿದರೆ ಒಂದೋ ಕರೆಂಟಿನ ಗಲೀಜು, ಇಲ್ಲ ಅದರಡಿಯಲ್ಲಿ ಇನ್ನೊಂದು ಚಿತ್ರ.

ಮೊದಲು ಕರೆಂಟಿನ ಗಲೀಜನ್ನೇ ಹಿಡಿದಳು. ಮೋಟಾರುಗಳ ಕರೆಂಟು ಕ್ಯಾಮೆರಾಕ್ಕೆ ಸೋರದಂತೆ ತಡೆಯುವ ಕೆಪಾಸಿಟರ್ ಬದಲಿಸಿದಳು. ಕ್ಯಾಮೆರಾದ ವೈರುಗಳನ್ನು ಜಡೆಯಂತೆ ಹೆಣೆದಳು. ಆಂಟೆನಾ ಬಿಚ್ಚಿ ಕಟ್ಟಿದಳು. ಪಟ್ಟಿ ಹೋಗಲಿಲ್ಲ. ದಾವಲನ ಯಂತ್ರವನ್ನು ಮೂರನೇ ಚಾನೆಲ್ಲಿಗೆ ಹಾಕಿಸಿದಳು, ಪಟ್ಟಿ ಇಲ್ಲ. ರುದ್ರೇಶನದನ್ನು ಎಂಟಕ್ಕೆ ಹಾಕಿಸಿದಳು, ಪಟ್ಟಿ ಬಂತು.

ಅಂದರೆ ರೋಗ ಯಂತ್ರದ್ದಲ್ಲ, ಎಂಟರದ್ದು.

ಸಂಜೆ ಮನೆ. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆಯ ಮೂಲಕ ಬರುತ್ತಿತ್ತು. ಅದು ಇರುವುದರಿಂದ ಮನೆಯಲ್ಲಿ ಯಾರೋ ಇದ್ದಂತೆ. ಎರಡು ರೊಟ್ಟಿ ಬಡಿದಳು, ಒಂದು ತಿಂದಳು. ಎರಡನೆಯದು ಅಪ್ಪನದು. ಅಪ್ಪ ಹೋಗಿ ಆರು ವರ್ಷ. ಕೈ ಮಾತ್ರ ಇನ್ನೂ ಎರಡು ಉಂಡೆ ಹಿಟ್ಟು ನಾದುತ್ತಿತ್ತು. ಮರುದಿನ ಆ ರೊಟ್ಟಿಯೇ ಬುತ್ತಿ.

ಶುಕ್ರವಾರ ಇನ್ನೊಂದು ಸಂಗತಿ ಕಂಡಿತು. ಬೆಳಿಗ್ಗೆ ಎಂಟು ಗಂಟೆಯವರೆಗೆ ಆ ಚಾನೆಲ್ಲಿನ ಚಿತ್ರ ಶುದ್ಧ. ಬಿಸಿಲು ಗಣಿಯ ತಳ ಮುಟ್ಟಿತು, ಪಟ್ಟಿ ಶುರುವಾಯಿತು. ಹನ್ನೊಂದಕ್ಕೆ ಮೋಡ ಕವಿಯಿತು, ನಿಂತಿತು. ಮೋಡ ಸರಿಯಿತು, ಮತ್ತೆ ಬಂತು. ಕಾದ ಬಂಡೆಯಿಂದ ಅಲೆ ಬೇರೆ ಥರ ಪ್ರತಿಫಲಿಸುತ್ತದೆಯೇ ಎಂದು ಯೋಚಿಸಿದಳು. ಹಾಗೆ ಆಗುವುದನ್ನು ಅವಳು ಎಂದೂ ನೋಡಿರಲಿಲ್ಲ.

ಓಟ ನಡೆಸುವವರು ಬಾಪುಗೌಡರು. ಎಂಟು ಮಂದಿ ಹೊರಗಿನಿಂದ ಬಂದು ಇಳಿದಿದ್ದರು. ಗೌಡರು ಅವಳ ಮಾತನ್ನು ನಿಂತುಕೊಂಡೇ ಕೇಳಿದರು.

"ಹಾರಿಸವ್ರಿಗೆ ಕಾಣ್ತೈತೇನು ಹರಕು?"

"ಇಲ್ರಿ. ತೇಪೆ ಮುಚ್ಚತೈತಿ."

"ಕಾಣದ ಹರಕಿಗೆ ಯಾಕ ತಲಿ ಕೆಡಿಸ್ಕೋತಿ, ನೀಲವ್ವಾ? ಧೋತರದ ಒಳಗಿನ ಹರಕು ಊರಿಗೆ ಗೊತ್ತಾಗಂಗಿಲ್ಲ."

"ಉಟ್ಟವ್ರಿಗೆ ಗೊತ್ತಾಗ್ತೈತಲ್ರಿ."

ಹಾರಿಸುವವರು ನಕ್ಕರು, ಗೌಡರೂ ನಕ್ಕರು. ಆದರೆ ಓಟದ ಬೆಳಿಗ್ಗೆ ಎಂಟೂ ಚಾನೆಲ್ಲು ಶುದ್ಧ ಎಂದು ರುಜು ಹಾಕಬೇಕಾದವಳು ಅವಳು. ಆ ಗಣಿಯಲ್ಲಿ ಅವಳ ಮಾತಿಗೆ ಇದ್ದ ತೂಕ ಅದೊಂದೇ ರುಜುವಿನಲ್ಲಿತ್ತು.

ಶನಿವಾರ ನಸುಕಿನಲ್ಲಿ ಸ್ನಾನ ಮಾಡಿ ಪೂಜೆಗೆ ಕೂತಳು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಕರಿಯ ಹೊಳಪಿನಲ್ಲಿ ದೀಪದ ಒಂದು ಚುಕ್ಕೆ ನಿಲ್ಲುವವರೆಗೆ ನೋಡುವುದು. ಮನಸ್ಸು ಏನೇನೋ ತಂದು ಆ ಅಂಗೈ ತುಂಬುತ್ತದೆ. ಅದನ್ನೆಲ್ಲ ತೆಗೆಯುತ್ತ ಹೋಗಬೇಕು, ಬರಿದು ಮಾಡಬೇಕು, ಆಗ ಅಲ್ಲಿ ಇರುವುದು ಕಾಣುತ್ತದೆ. ಅಂದು ಮೊದಲು ಬಂದದ್ದು ಆ ಅಡ್ಡಪಟ್ಟಿ. ತೆಗೆದಳು. ಮತ್ತೆ ಬಂತು. ಅದರ ಜೊತೆಗೇ ಒಂದು ಮಾತು ಬಂತು: ಎರಡು ದಿನದಿಂದ ಎಂಟರಲ್ಲಿ ಯಾರಾದರೊಬ್ಬರು ಹಾರುತ್ತಲೇ ಇದ್ದಾರೆ. ತುಂಬಿದ ಎಂಟನ್ನೇ ನೋಡುತ್ತಿದ್ದೇನೆ. ಖಾಲಿ ಎಂಟನ್ನು ನೋಡಿಲ್ಲ.

ಯಾರೂ ನೋಡುವುದಿಲ್ಲ. ಇಳಿಸಿದ ಕೂಡಲೇ ಗಾಗಲ್ ತೆಗೆಯುವುದು ರೂಢಿ. ಖಾಲಿ ಚಾನೆಲ್ಲಿನಲ್ಲಿ ನೋಡುವುದಕ್ಕೆ ಏನಿರುತ್ತದೆ?

ಒಂಬತ್ತೂವರೆಗೆ ಬಿಸಿಲು ತಳ ಮುಟ್ಟಿತ್ತು. ಕುರ್ಚಿಗಳೆಲ್ಲ ತುಂಬಿದ್ದವು. ನೀಲಾಂಬಿಕಾ ಹಲಗೆಯ ಮುಂದೆ ನಿಂತಳು.

"ಎಲ್ಲಾರೂ ಇಳಸ್ರಿ. ಕ್ಲಿಪ್ ಕೊಡ್ರಿ."

"ಈಗ ಏರಿಸೇವಿ, ಯಕ್ಕಾ."

"ಇಳಸ್ರಿ."

ಗೌಡರು ಶೆಡ್ಡಿನ ಆಚೆಯಿಂದ ಬಂದರು. "ಏನವ್ವಾ ಇದು? ಮಂದಿ ಹೊರಗಿಂದ ಬಂದಾರ."

"ಗೌಡ್ರ, ಹಲಗಿ ನನಗ ಒಪ್ಪಿಸೀರಿ. ಒಂದು ತಾಸು ಕೊಡ್ರಿ. ಏನೂ ಸಿಗಲಿಲ್ಲಂದ್ರ ನಾಳಿಂದ ಹಲಗಿ ಬ್ಯಾರೆಯವ್ರಿಗೆ ಕೊಡ್ರಿ. ನಾ ಕೇಳಂಗಿಲ್ಲ."

ಗೌಡರು ಅವಳ ಮುಖವನ್ನು ನೋಡಿದರು. ಇಷ್ಟು ವರ್ಷದಲ್ಲಿ ಅವಳು ಏನನ್ನೂ ಪಣಕ್ಕಿಟ್ಟದ್ದನ್ನು ಅವರು ಕಂಡಿರಲಿಲ್ಲ. ಕೈ ಬೀಸಿದರು. ಒಂದೊಂದೇ ಯಂತ್ರ ಇಳಿಯಿತು. ಎಂಟು ಕ್ಲಿಪ್ಪು ಹಲಗೆಗೆ ಬಂದವು. ಗಣಿಯಲ್ಲಿ ಎಷ್ಟೋ ದಿನಗಳ ಮೇಲೆ ಮೊದಲ ಸಲ ಗಾಳಿಯ ಸದ್ದು ಕೇಳಿಸಿತು.

ಅವಳು ಗಾಗಲ್ ಹಾಕಿಕೊಂಡು ಎಂಟಕ್ಕೆ ತಿರುವಿದಳು.

ಬೂದುಬಣ್ಣದ ಮಂಜು, ಅದರಲ್ಲಿ ಅದೇ ಕರಿಯ ಪಟ್ಟಿಗಳು. ಯಾರೂ ಕ್ಲಿಪ್ಪು ಹಾಕಿಕೊಂಡಿಲ್ಲ, ಆದರೂ ಯಾರೋ ಕಳಿಸುತ್ತಿದ್ದಾರೆ. ಗಾಗಲ್ಲಿಗೆ ವೈರಿನಲ್ಲಿ ಜೋಡಿಸಿದ್ದ, ಚಿತ್ರ ಹಿಡಿಯುವ ಪೆಟ್ಟಿಗೆಯನ್ನು ಎದೆಗೆ ಒತ್ತಿಹಿಡಿದು, ನಿಂತಲ್ಲೇ ನಿಧಾನ ತಿರುಗತೊಡಗಿದಳು. ಇದು ಅಪ್ಪನ ವಿದ್ಯೆ. ಮನುಷ್ಯನ ಮೈಯೊಳಗೆ ನೀರು. ನೀರು ಅಲೆಯನ್ನು ತಡೆಯುತ್ತದೆ. ಚಿತ್ರ ಯಾವ ಕಡೆ ಚೆನ್ನಾಗಿದೆ ಎಂದು ಹುಡುಕಬಾರದು, ಅದು ಮೋಸಮಾಡುತ್ತದೆ. ಯಾವ ಕಡೆಗೆ ಬೆನ್ನು ಕೊಟ್ಟಾಗ ಚಿತ್ರ ಪೂರ್ತಿ ಸಾಯುತ್ತದೋ, ಅದನ್ನು ಕಳಿಸುವವನು ಆ ಬೆನ್ನ ಹಿಂದೆ ಇದ್ದಾನೆ.

ಊರಿನ ಕಡೆ ಬೆನ್ನು ಕೊಟ್ಟಳು, ಪಟ್ಟಿ ಇತ್ತು. ರಸ್ತೆಯ ಕಡೆ, ಇತ್ತು. ಗಣಿಯ ಹೊಂಡಕ್ಕೆ ಬೆನ್ನು ಕೊಟ್ಟು ನಿಂತಳು. ಸತ್ತಿತು.

ಹೊಂಡದ ಕಡೆಗೆ ತಿರುಗಿ ಎರಡು ಮೆಟ್ಟಿಲು ಇಳಿದಳು. ಮಂಜು ತಿಳಿಯಾಯಿತು. ಮೊದಲು ತಗಡಿನ ಸೂರಿನ ಏರಿಳಿತ, ಓರೆಯಾಗಿ. ಒಂದು ಮೂಲೆಯಲ್ಲಿ ಹಿತ್ತಾಳೆ ಕೊಡದ ಅಂಚು. ಚಿತ್ರದ ಕೆಳತುದಿಯಿಂದ ಒಂದು ಕೈ ಮೇಲೆ ಬಂತು, ಗಂಟುಗಂಟಾದ ಮುದಿ ಕೈ. ಕ್ಯಾಮೆರಾದ ಮುಂದೆ ಒಂದು ಸಲ ಆಡಿತು. ಕೆಳಗೆ ಬಿತ್ತು. ಅವಳು ಕಾದಳು. ಬಹಳ ಹೊತ್ತಿನ ಮೇಲೆ ಮತ್ತೆ ಬಂತು.

ಗಾಗಲ್ ಎತ್ತಿ ಅಂಚಿನಲ್ಲಿದ್ದ ದಾವಲನನ್ನು ಕೇಳಿದಳು. "ಹುಲಿಗೆಪ್ಪಜ್ಜ ಎಲ್ಲಿ ಅದಾನ?"

"ಕಲ್ಲಿನ ಮ್ಯಾಲ ಕುಂತಾನ. ಈಗಿನ್ನ ಅವನ ರುಮಾಲು ನೋಡೇ ಎಡಕ್ಕ ಹೊಳ್ಳಿದ್ನಿ. ದಿನಾ ಹಂಗ ಹೊಳ್ಳತೀವಿ ಎಲ್ಲಾರೂ."

"ಕೈ ಎತ್ತಿದ್ನಾ?"

ದಾವಲ ಕೈಯಲ್ಲಿದ್ದ ಗಾಗಲ್ಲನ್ನು ನೋಡಿದ.

"ನಿನ್ನೆ ಎತ್ತಿದ್ನಾ? ಮೊನ್ನೆ?"

"ಇಲ್ಲಕ್ಕಾ," ಎಂದ ದಾವಲ. "ಎಷ್ಟೋ ದಿನ ಆತು."

ಶೆಡ್ಡಿನಿಂದ ಬಂಡೆ ಕಾಣುವುದಿಲ್ಲ, ಗೋಡೆಯ ಮರೆ. ಮೆಟ್ಟಿಲ ಅಂಚಿಗೆ ಬಂದು ಬಗ್ಗಿ ಬರಿಗಣ್ಣಿನಿಂದ ನೋಡಿದರೆ ಕಾಣುತ್ತದೆ. ದಾವಲ ಬಗ್ಗಿ ನೋಡಿದ. ಕೆಂಪು ಬಂಡೆ ಬಿಸಿಲಿಗೆ ಕಾಯುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ನೂರು ಮೆಟ್ಟಿಲನ್ನು ಅವರು ಹೇಗೆ ಇಳಿದರೋ. ತಗಡಿನ ಕೋಣೆಯ ಬಾಗಿಲು ತೆರೆದೇ ಇತ್ತು. ಹುಲಿಗೆಪ್ಪ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದ. ಬಲಗಾಲು ಇರಬಾರದ ಕಡೆಗೆ ತಿರುಗಿತ್ತು. ಬುಧವಾರ ಸಂತೆಯಿಂದ ಬರುತ್ತ ಕೊನೆಯ ಮೆಟ್ಟಿಲಲ್ಲಿ ಜಾರಿ, ಅಲ್ಲಿಂದ ತೆವಳಿ ಬಂದಿದ್ದ. ಪಕ್ಕದಲ್ಲಿ ಆ ಹಳೆಯ ಕ್ಯಾಮೆರಾ, ಅದರಿಂದ ಕಿಟಕಿಯ ಸೋಲಾರ್ ಹಲಗೆಗೆ ಹೋದ ವೈರು. ದೀಪದ ಬ್ಯಾಟರಿ ಯಾವಾಗಲೋ ಸತ್ತಿತ್ತು. ಬಿಸಿಲಿದ್ದಾಗ ಮಾತ್ರ ಅವನಿಗೆ ಕೂಗಲು ಬರುತ್ತಿತ್ತು. ಮೂರು ದಿನ ಬಿಸಿಲು ಇದ್ದಷ್ಟು ಹೊತ್ತೂ ಕೂಗಿದ್ದ. ತೇಪೆಯ ನೆನಪಿನಲ್ಲಿ ಬಂಡೆಯ ಮೇಲೆ ಸುಮ್ಮನೆ ಕೂತಿದ್ದ ಅವನದೇ ಹಳೆಯ ರೂಪ ಅವನ ಕೂಗನ್ನು ಮುಚ್ಚಿಹಾಕಿತ್ತು.

ನೀಲಾಂಬಿಕಾ ಅವನ ತುಟಿಗೆ ನೀರು ಹಾಕಿದಳು. ಕಣ್ಣು ತೆರೆದ. ಅವಳನ್ನು ಗುರುತು ಹಿಡಿದ. ಮುಖದಲ್ಲಿ ಹೆದರಿಕೆ ಬಂತು.

"ಕ್ಲಿಪ್ ಇಲ್ದ ಹಚ್ಚೀನವ್ವಾ," ಎಂದ. "ಸಿಟ್ಟಾಗಬ್ಯಾಡ."

ಅವಳು ಅವನ ಕೈ ಹಿಡಿದುಕೊಂಡಳು. ಗೌಡರು ಮೇಲಿನಿಂದ ಹೊರಸು ಇಳಿಸಿದರು. ಹೊರಗಿನಿಂದ ಬಂದಿದ್ದ ಎಂಟು ಮಂದಿಯೂ ಹೆಗಲು ಕೊಟ್ಟರು.

ಅಜ್ಜ ಬದುಕಿದ. ಸೊಂಟಕ್ಕೆ ರಾಡು ಹಾಕಿದರು. ನಾಲ್ಕು ವಾರದ ಮೇಲೆ, ಕುಷ್ಟಗಿಯಲ್ಲಿ ತಂಗಿಯ ಮಗಳೊಬ್ಬಳು ಇದ್ದಾಳೆಂದು ತಿಳಿಯಿತು, ಅವಳು ಬಂದು ಕರೆದುಕೊಂಡು ಹೋದಳು. ಹೊರಡುವಾಗ ನೀಲಾಂಬಿಕಾ ಎಂಟನೇ ಕ್ಲಿಪ್ಪನ್ನು ಅವನ ಅಂಗಿಗೆ ಸಿಕ್ಕಿಸಿದಳು. ಅಜ್ಜ ಅದನ್ನು ನೋಡಿ, ತೆಗೆದು, ಅವಳ ಕೈಗೇ ಕೊಟ್ಟ. "ಅಲ್ಲಿ ಯಾರೂ ಹಾರಂಗಿಲ್ಲವ್ವಾ. ನಿಂಗ ಬೇಕಾದೀತು." ಕ್ಯಾಮೆರಾವನ್ನೂ ಕೊಟ್ಟ.

ಆ ಭಾನುವಾರದ ಓಟ ಏಳೇ ಚಾನೆಲ್ಲಿನಲ್ಲಿ, ತೇಪೆ ಇಲ್ಲದೆ ನಡೆಯಿತು. ಗೌಡರು ಎಲ್ಲರ ಮುಂದೆ ಒಂದು ಕಟ್ಟಳೆ ಮಾಡಿದರು: ಎಂಟು ಯಾರಿಗೂ ಇಲ್ಲ. ಪ್ರತಿ ಹಾರಾಟ ಮುಗಿದ ಮೇಲೆ ಗಾಗಲ್ ತೆಗೆಯುವ ಮುಂಚೆ ಎಲ್ಲರೂ ಎಂಟಕ್ಕೆ ತಿರುವಿ ಒಂದು ಗಳಿಗೆ ನೋಡಬೇಕು. ಒಂದು ತಿಂಗಳು ಎಲ್ಲರೂ ನೋಡಿದರು. ಆಮೇಲೆ ನಾಲ್ಕೈದು ಜನ. ಮರುವರ್ಷ ಬಂದ ಹೊಸ ಗಾಗಲ್ಲುಗಳಲ್ಲಿ ತೇಪೆ ಒಳಗೇ ಹೊಲಿದುಕೊಂಡು ಬಂತು, ತೆಗೆಯಲು ಬಾರದಂತೆ. ಅಜ್ಜನ ರೂಪ ಅದರಲ್ಲಿ ಇರಲಿಲ್ಲ. ಕಟ್ಟಳೆ ಗೌಡರ ಬಾಯಲ್ಲಷ್ಟೇ ಉಳಿಯಿತು.

ನೀಲಾಂಬಿಕಾ ಮಧ್ಯಾಹ್ನದ ಬುತ್ತಿಯನ್ನು ಕೆಳಗೆ ಒಯ್ಯತೊಡಗಿದ್ದಳು. ಮೂರನೇ ಗೇಟಿನ ಬಂಡೆಯ ಮೇಲೆ ಕೂತು ತಿನ್ನುವುದು. ಎರಡನೇ ರೊಟ್ಟಿ ಅಲ್ಲಿ ಯಾಕೋ ಒಣಗಿದಂತೆ ಅನ್ನಿಸುತ್ತಿರಲಿಲ್ಲ. ಮೇಲೆ ಡ್ರೋನ್ ಹಾದುಹೋದರೆ ಕೈ ಎತ್ತುತ್ತಿದ್ದಳು.

ಒಂದು ಬೆಳಿಗ್ಗೆ ಹೊಸಬನೊಬ್ಬ ತಾಲೀಮಿಗೆ ಬಂದಿದ್ದ. ದಾವಲ ಗಾಗಲ್ ಕಟ್ಟಿಕೊಂಡು ಅವನಿಗೆ ದಾರಿ ಹೇಳುತ್ತಿದ್ದ. "ಮೂರನೇ ಗೇಟಿಗೆ ನಿಧಾನ. ನೀಲಕ್ಕ ಕಲ್ಲಿನ ಮ್ಯಾಲ ಕುಂತಾಳ, ಕಂಡ್ಳಾ? ಅವಳ ಸೀರಿ ನೋಡಿ ಎಡಕ್ಕ ಹೊಳ್ಳು."

ನೀಲಾಂಬಿಕಾ ದಾವಲನ ಬೆನ್ನ ಹಿಂದೆ, ಮೂರು ಮಾರು ದೂರದಲ್ಲಿ ನಿಂತಿದ್ದಳು. ಕೈಯಲ್ಲಿ ಅವನಿಗೆಂದು ತಂದ ಚಹಾ.

ಕರೆಯಬಹುದಿತ್ತು. ಕರೆಯಲಿಲ್ಲ. ಲೋಟ ಇಟ್ಟು, ಮೇಜಿನ ಡ್ರಾ ತೆರೆದು ಅಜ್ಜನ ಕ್ಯಾಮೆರಾ ತೆಗೆದಳು. ಹಲಗೆಯಿಂದ ಎಂಟನೇ ಕ್ಲಿಪ್ಪು ತೆಗೆದು ಸೆರಗಿಗೆ ಸಿಕ್ಕಿಸಿಕೊಂಡಳು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಕ್ಯಾಮೆರಾವನ್ನು ತನ್ನ ಮುಖದ ಎದುರು ನಿಲ್ಲಿಸಿ, ಪೂಜೆಗೆ ಕೂರುವಂತೆ ಸುಮ್ಮನೆ ಕೂತಳು.

ಯಂತ್ರಗಳು ಇಳಿದವು. ಹೊಸಬ ಗಾಗಲ್ ತೆಗೆದ. ರುದ್ರೇಶ ತೆಗೆದ. ಇನ್ನಿಬ್ಬರು ತೆಗೆದು, ಮೈ ಮುರಿದು, ಎದ್ದು ನಡೆದರು. ದಾವಲನೂ ಗಾಗಲ್ಲಿನ ಪಟ್ಟಿಗೆ ಕೈ ಹಾಕಿದ. ಏನೋ ನೆನಪಾಗಿ ನಿಂತ. ಅವನ ಹೆಬ್ಬೆರಳು ಗುಂಡಿಯ ಮೇಲೆ ಆಡಿತು. ಐದು. ಆರು. ಏಳು.

ಎಂಟರಲ್ಲಿ ಅವನ ಬೆರಳು ನಿಂತಿತು. ಗಾಗಲ್ಲನ್ನು ಮೆಲ್ಲಗೆ ಹಣೆಗೆ ಎತ್ತಿ, ಕುರ್ಚಿಯಲ್ಲೇ ಹಿಂದಕ್ಕೆ ಹೊರಳಿದ.

"ಚಾ ಆರಾಕತ್ತೈತಿ," ಎಂದಳು ನೀಲಾಂಬಿಕಾ.